ಓಗೊಡದ ಹೆಸರುಗಳು

“ಬುದ್ಧಿ, ಬೇಡದ ಸಾಫ್ಟ್‌ವೇರ್‌ಗಳನ್ನೆಲ್ಲ ಮಠದ ಕಂಪ್ಯೂಟರ್‌ನಿಂದ ತೆಗೆದುಹಾಕಿದೆ. ಆದರೂ ತೆರೆಮರೆಯಲ್ಲಿ ಓಡುತ್ತಿದ್ದ ಅವುಗಳ ಸರ್ವಿಸ್‌ಗಳ ಹೆಸರುಗಳು ರಿಜಿಸ್ಟ್ರಿ ಎಂಬ ಅದರ ಪಟ್ಟಿಯಲ್ಲಿ ಬೇರು ಬಿಟ್ಟು ಕೂತಿವೆ. ಆನ್ ಮಾಡಿದಾಗಲೆಲ್ಲ ಕಂಪ್ಯೂಟರ್ ಈಗ ಇಲ್ಲದವರನ್ನು ಕರೆಯುತ್ತ, ಕಾಯುತ್ತ ಕೂರುತ್ತದೆ. ನನಗೆ ಗುರುತು ಸಿಗದ ಹೆಸರನ್ನೆಲ್ಲ ಒಂದೇ ಏಟಿಗೆ ಅಳಿಸಿಬಿಡಲೇ?” ಎಂದು ಶಿಷ್ಯ ಮರಿಬಸವ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಛತ್ರಕ್ಕೆ ಹೊಸ ಅಡುಗೆಯವನೊಬ್ಬ ಬಂದ. ಅವನ ಸಾರಿನ ಮುಂದೆ ಇನ್ನೊಂದು ಸಾರಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಆ ಛತ್ರದಲ್ಲೊಂದು ಕಟ್ಟಳೆ. ಉಣ್ಣುವವರ ಹೆಸರನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆಯಬೇಕು. ಒಂದೊಂದು ಹೆಸರಿಗೂ ಎಲೆ ಹಾಕಿ, ಮೂರು ಸಲ ಕೂಗಬೇಕು. ಕೂಗಿ ಮುಗಿಯುವ ತನಕ ಬಡಿಸುವಂತಿಲ್ಲ. ಬಂದವರೆಲ್ಲ ಹೆಸರು ಬರೆಸುತ್ತಿದ್ದರು, ಹೋಗುವಾಗ ಒರೆಸುವವರು ಯಾರೂ ಇರಲಿಲ್ಲ. ಪಂಕ್ತಿಯಲ್ಲಿ ಒಂಬತ್ತು ಜನ, ಗೋಡೆಯಲ್ಲಿ ಅರವತ್ತು ಹೆಸರು. ಕೂಗಿ ಕೂಗಿ ಅಡುಗೆಯವನ ಗಂಟಲು ಒಣಗುತ್ತಿತ್ತು, ಸಾರು ಆರುತ್ತಿತ್ತು. ಆರಿದ ಸಾರನ್ನು ಅವನು ಗೊಣಗುತ್ತಲೇ ಬಡಿಸುತ್ತಿದ್ದ.

ಒಂದು ದಿನ ಅವನು ಒದ್ದೆ ಬಟ್ಟೆ ಹಿಡಿದು ಇಡೀ ಗೋಡೆಯನ್ನೇ ಒರೆಸಿದ. ಎದುರಿಗೆ ಕೂತ ಒಂಬತ್ತು ಜನರ ಹೆಸರನ್ನು ಮಾತ್ರ ಬರೆದ. ಅಂದು ಸಾರು ಹಬೆಯಾಡುತ್ತಲೇ ಎಲೆಗೆ ಬಿತ್ತು. ಉಂಡವರು ಬೆರಳು ನೆಕ್ಕಿದರು. ಅಡುಗೆಯವನಿಗೆ ಸ್ವರ್ಗ ಮೂರೇ ಗೇಣು.

ಮರುದಿನ ಹಂಡೆಯಲ್ಲಿ ತೊಟ್ಟು ನೀರಿಲ್ಲ. ವಿಚಾರಿಸಿದರೆ, ದಿನವೂ ಬಾವಿಯಿಂದ ಸೇದಿ ತುಂಬುತ್ತಿದ್ದವಳು ಸಿದ್ದವ್ವ ಎಂಬ ಮುದುಕಿ. ಹೆಸರು ಕೂಗುವ ಹೊತ್ತಿಗೆ ಅವಳು ಬಾವಿಯ ಬಳಿ ಇರುತ್ತಿದ್ದಳು. ಎಲ್ಲರೂ ಎದ್ದ ಮೇಲೆ ಬಂದು, ತನ್ನ ಹೆಸರಿಗೆ ಹಾಕಿದ ಎಲೆಯಲ್ಲಿ ತಾನೇ ಬಡಿಸಿಕೊಂಡು ಉಣ್ಣುತ್ತಿದ್ದಳು. ಅಷ್ಟರಲ್ಲಿ ಅಡುಗೆಯವ ಗೊರಕೆ ಹೊಡೆಯುತ್ತಿದ್ದ. ನಿನ್ನೆ ಉಣ್ಣಲು ಬಂದವಳಿಗೆ ಎಲೆಯೇ ಇರಲಿಲ್ಲ.

ಅವನು ಅವಳ ಗುಡಿಸಲಿಗೆ ಓಡಿದ. ಮುದುಕಿ ಅಳುತ್ತ ಕೂತಿದ್ದಳು.

“ನಾನಿನ್ನೂ ಬದುಕಿವ್ನಿ ಕನಪ್ಪ! ನನ್ ಹೆಸ್ರಿಗ್ಯಾಕೆ ಎಳ್ಳುನೀರು ಬುಟ್ಟೆ?”

“ತಪ್ಪಾಯ್ತು ಕನವ್ವ. ನೀನಿಲ್ದಿದ್ರೆ ನನ್ ಸಾರೂ ಇಲ್ಲ” ಎಂದು ಕಾಲಿಗೆ ಬಿದ್ದ. ಅಳುವಿನ ನಡುವೆಯೇ ಮುದುಕಿಗೆ ನಗು ಬಂತು.

ಇಬ್ಬರೂ ಛತ್ರಕ್ಕೆ ಬಂದರು. ಪುಣ್ಯಕ್ಕೆ, ಗೋಡೆ ಒಣಗಿದ ಮೇಲೆ ಹಳೆಯ ಹೆಸರುಗಳು ಮಸುಕಾಗಿ ಮೂಡಿದ್ದವು. ಅಡುಗೆಯವ ಒಂದೊಂದನ್ನೇ ಓದಿದ. ಸಿದ್ದವ್ವ ಹೇಳುತ್ತ ಹೋದಳು: “ಇವ ಕಾಸಿಗೋದ. ಇವ ಅತ್ತೆಮನೆಗೋದ. ಇವನಾ? ನನ್ ಕೊಡಾನೇ ಎತ್ಕಂಡೋದ, ಇನ್ನೂ ಉಜ್ಜಿ ಒರ್ಸು!” ‘ಹೋದ’ ಎಂದು ಅವಳು ಹೇಳಿದವರ ಹೆಸರನ್ನೆಲ್ಲ ಅವನು ನಗುತ್ತಲೇ ಒರೆಸಿದ. ಉಳಿದ ಒಂಬತ್ತು ಹೆಸರುಗಳಿಗಿಂತ ಮೇಲೆ ಸಿದ್ದವ್ವನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದ. ಅಂದು ಮೊದಲ ಸೌಟು ಬಿಸಿ ಸಾರು ಅವಳ ಎಲೆಗೇ ಬಿತ್ತು.

ಕತೆ ಕೇಳಿ ಮರಿಬಸವ ಬಿದ್ದು ಬಿದ್ದು ನಕ್ಕ. “ಹಾಗಾದರೆ ನಾನು ಅಳಿಸಲೋ, ಬೇಡವೋ ಬುದ್ಧಿ?”

ಗುರುಗಳೂ ನಕ್ಕರು. “ಒಂದೊಂದನ್ನೇ ವಿಚಾರಿಸಿ ಹೆಸರು ಅಳಿಸು. ಆದರೆ ಇರುವ ಯಾರನ್ನೂ ಅಳಿಸಬೇಡ.”