ಗೋಪುರದ ಕೆರೆ

ಅರೆಕಲ್ಲೂರಿನ ದಿಣ್ಣೆಯ ಮೇಲಿರುವ ದೇವಮಾತೆಯ ಪ್ರಧಾನಾಲಯವೆಂಬ ದೊಡ್ಡ ಇಗರ್ಜಿಯಲ್ಲಿ ಚೂಪು ಕಮಾನಿನ ಕಿಟಕಿಗಳು, ಬಣ್ಣದ ಗಾಜು, ಬೆಲ್ಲದ ನೀರು ಬೆರೆಸಿ ಅರೆದ ಗಾರೆಯ ಗೋಡೆ, ಎಲ್ಲವೂ ಇಂದಿಗೂ ಅಚ್ಚುಕಟ್ಟಾಗಿವೆ. ಉತ್ತರದ ಗೋಪುರ ಮುಗಿಲಿಗೆ ನೆಟ್ಟಗೆ ಎದ್ದಿದೆ. ದಕ್ಷಿಣದ್ದು ಮಾತ್ರ ಚಾವಣಿಯ ಮಟ್ಟದಲ್ಲೇ ನಿಂತುಬಿಟ್ಟಿದೆ. ದಿಣ್ಣೆಯ ಕೆಳಗೆ ಕೆಳಗಿನಪುರವೆಂಬ ಹಳ್ಳಿ, ಅದರ ಮಗ್ಗುಲಲ್ಲಿ ಒಂದು ಕೆರೆ. ದಡದಲ್ಲಿ ಯಾವ ಗೋಪುರವೂ ಇಲ್ಲದಿದ್ದರೂ ಜನ ಅದನ್ನು ಗೋಪುರದ ಕೆರೆ ಎಂದೇ ಕರೆಯುತ್ತಾರೆ.

ಹಿಂದೆ ಒಮ್ಮೆ, ಫ್ರಾನ್ಸಿನಿಂದ ಬಂದ ಸ್ವಾಮಿಗಳು ಈ ಸೀಮೆಯಲ್ಲಿದ್ದ ಕಾಲಕ್ಕೆ, ಚೌರಪ್ಪನೆಂಬುವನು ಇಲ್ಲಿನ ಕ್ರೈಸ್ತರ ಯಜಮಾನನಾಗಿದ್ದನು. ಪ್ರಧಾನಾಲಯದ ಕೆಲಸವೆಲ್ಲ ಅವನ ಉಸ್ತುವಾರಿಯಲ್ಲೇ ನಡೆಯಿತು. ಧರ್ಮಾಧ್ಯಕ್ಷರು ಪ್ರತಿಷ್ಠೆಗೆ ಬರುವ ದಿನ ಗೊತ್ತಾಗಿತ್ತು. ದಕ್ಷಿಣದ ಗೋಪುರಕ್ಕೆ ಕಲ್ಲು ಸಾಲದೆ ಹೋಯಿತು. ಅರೆಗೋಪುರದ ಮುಂದೆ ನಿಲ್ಲುವ ಅವಮಾನ ನೆನೆದೇ ಚೌರಪ್ಪನಿಗೆ ಅನ್ನ ಸೇರದಾಯಿತು. ಬೇಸಿಗೆಗೆ ಬತ್ತಿದ್ದ ಕೆಳಗಿನಪುರದ ಕೆರೆಯ ಏರಿಗೆ ಒಳಮೈಯಲ್ಲಿ ಒಳ್ಳೆಯ ಕಲ್ಲು ಹೊದಿಸಿತ್ತು. ಅವನ ಕಣ್ಣು ಅದರ ಮೇಲೆ ಬಿತ್ತು. ಗಂಡ ಸತ್ತ ಮೇಲೆ ಕೆರೆಯ ತೂಬು ಕಾಯುವ ನೀರುಗಂಟಿಯ ಕೆಲಸ ನೋಡಿಕೊಳ್ಳುತ್ತಿದ್ದ ನಿಂಗವ್ವ, ಕಲ್ಲು ಹೇರಲು ಬಂದ ಗಾಡಿಗಳಿಗೆ ಅಡ್ಡ ನಿಂತಳು.

“ಏರಿ ಕಲ್ಲು ಮುಟ್ಬೇಡಿ ಯಜಮಾನ್ರೇ. ಅಲೆ ಹೊಡೆತ ತಡೆಯೋದು ಅದೇಯ.”

“ಮಳೆಗೆ ಮುಂಚೆ ಬೇರೆ ಕಲ್ಲು ತಂದು ಕೂರಿಸ್ತೀನಿ ಕಣವ್ವ. ದೇವಮಾತೆ ಆಣೆ,” ಎಂದನು ಚೌರಪ್ಪ. ಆಣೆ ಕೇಳಿ ನಿಂಗವ್ವ ದಾರಿ ಬಿಟ್ಟಳು; ಊರವರೂ ಸುಮ್ಮನಾದರು.

ಆ ಕಲ್ಲುಗಳಲ್ಲಿ ಲಿಲ್ಲಿ ಹೂವು, ದ್ರಾಕ್ಷಿ ಬಳ್ಳಿ ಕೆತ್ತಿ ಗೋಪುರ ಏರಿಸಿದರು. ಪ್ರತಿಷ್ಠೆಯ ದಿನ ಧರ್ಮಾಧ್ಯಕ್ಷರು ಚೌರಪ್ಪನಿಗೆ ಶಾಲು ಹೊದಿಸಿದರು. ಅನಂತರ ಹೊಗಳಿಕೆ, ಔತಣ, ನೆಂಟರ ಮನೆ. ನಾಳೆ ಕಲ್ಲು ತರೋಣ, ನಾಡಿದ್ದು ತರೋಣ ಎನ್ನುತ್ತಿರುವಾಗಲೇ ಮುಂಗಾರು ಬಂತು. ಕೆರೆ ತುಂಬಿದ ಮಧ್ಯಾಹ್ನವೇ ಏರಿ ಒಡೆದು ಕೆಳಗಿನಪುರ ಕೊಚ್ಚಿಹೋಯಿತು. ನಿಂಗವ್ವನ ಮೊಮ್ಮಗಳು ನೀರುಪಾಲಾದಳು.

ಬದುಕಿದವರು ದಿಣ್ಣೆ ಹತ್ತಿ ಪ್ರಧಾನಾಲಯ ಸೇರಿದರು. ಚೌರಪ್ಪ ತನ್ನ ಮನೆಯ ಕಣಜ ತೆರೆಸಿ ಗಂಜಿ ಕಾಯಿಸಿದನು. ಮುದುಕನೊಬ್ಬ ಅವನ ಕಾಲಿಗೆ ಬಿದ್ದು, “ನಿಮ್ಮ ಗುಡಿ ಇಲ್ದಿದ್ರೆ ನಾವು ಉಳೀತಿರ್ಲಿಲ್ಲ ಧಣಿ. ಈ ಪಾಟಿ ಮಳೆಗೆ ಯಾವ ಏರಿ ನಿಂತಾತು?” ಎಂದನು. ಅವನನ್ನು ಎಬ್ಬಿಸುವುದಕ್ಕೂ ಚೌರಪ್ಪನ ಕೈ ಮುಂದಾಗಲಿಲ್ಲ. ದೇವಮಾತೆಯ ಪ್ರತಿಮೆಯ ಕೆಳಗೆ ಒದ್ದೆ ಸೀರೆಯಲ್ಲಿ ಕುಳಿತಿದ್ದ ನಿಂಗವ್ವ ತಲೆಯೆತ್ತಿದಳು.

“ನೀವು ಆಣೆ ಇಟ್ಟಿದ್ದು ಈ ತಾಯಿ ಮೇಲೇನಾ?”

ಚೌರಪ್ಪ ಗಂಜಿಯ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಹೊರಗೆ ನಡೆದನು. ಅಂದಿನಿಂದ ಜನ ಎದುರು ಬಂದರೆ ಅವನು ಓಣಿ ಬದಲಿಸಿದನು. ಪೆಟ್ಟಿಗೆಯಲ್ಲಿದ್ದ ಶಾಲನ್ನು ಕಂಡರೆ ಮೈಮೇಲೆ ಹುಳು ಹರಿದಂತಾಗುತ್ತಿತ್ತು. ಕೊನೆಗೆ ಬೇಸಿಗೆ ಬಂದಾಗ ಸ್ವಾಮಿಗಳಲ್ಲಿ ಪಾಪನಿವೇದನೆ ಮಾಡಿಕೊಂಡನು.

“ದೇವರು ಕ್ಷಮಿಸಿದ್ದಾನೆ, ಮನೆಗೆ ಹೋಗು,” ಎಂದರು ಅವರು.

“ದೇವರು ಕ್ಷಮಿಸಿದ ಸ್ವಾಮಿ. ಕಲ್ಲು ಇನ್ನೂ ಮೇಲೇ ಅವೆಯಲ್ಲ.”

ಮರುದಿನ ಅವನು ಹಾರೆ ಹಿಡಿದು ದಕ್ಷಿಣದ ಗೋಪುರ ಹತ್ತಿದನು. ಬೆವರು ಸುರಿಸಿ ಅದನ್ನು ಕಟ್ಟಿದ್ದ ಕ್ರೈಸ್ತ ಸಭೆಯವರು ಉಗಿದರು, ಯಜಮಾನಿಕೆ ಕಿತ್ತುಕೊಂಡರು. ಅವನು ಹಾರೆ ಬಿಡಲಿಲ್ಲ. ಬೇಸಿಗೆಯೆಲ್ಲ ಒಂದೊಂದೇ ಕಲ್ಲು ಇಳಿಸಿ ಗಾಡಿಯಲ್ಲಿ ಸಾಗಿಸಿದನು. ಕೆಳಗಿನಪುರದವರು ಮಣ್ಣು ಹೊತ್ತು ಏರಿ ಕಟ್ಟಿದರು. ಮುಂದಿನ ಮಳೆಗೆ ಕೆರೆ ತುಂಬಿದಾಗ ಊರೆಲ್ಲ ಏರಿಯ ಮೇಲೆ ನೆರೆಯಿತು, ಚೌರಪ್ಪ ಬರಲಿಲ್ಲ. ನಿಂಗವ್ವನೇ ದಿಣ್ಣೆ ಹತ್ತಿ ಅವನ ಬಾಗಿಲಿಗೆ ಹೋಗಿ, “ನೀರು ನಿಂತೈತೆ, ಬಂದು ನೋಡಿ,” ಎಂದಳು. ಅವನು ತಲೆ ತಗ್ಗಿಸಿಯೇ ಅವಳ ಹಿಂದೆ ನಡೆದು ಬಂದು ನೀರು ನೋಡಿದನು. ಕ್ಷಮಿಸಿದೆನೆಂದು ಅವಳು ಹೇಳಲಿಲ್ಲ. ಕೇಳುವ ಧೈರ್ಯ ಅವನಿಗೂ ಬರಲಿಲ್ಲ ಎನ್ನುತ್ತಾರೆ.

ಬೇಸಿಗೆಯಲ್ಲಿ ನೀರಿಳಿದಾಗ ಹೋದವರಿಗೆ ಏರಿಯ ಒಳಮೈಯಲ್ಲಿ ಆ ಲಿಲ್ಲಿ ಹೂಗಳೂ ದ್ರಾಕ್ಷಿ ಬಳ್ಳಿಗಳೂ ಈಗಲೂ ಕಾಣುತ್ತವೆ. ಕೆಳಗಿನಪುರದ ಹೆಂಗಸರು ಅವುಗಳ ಮೇಲೆ ಬಟ್ಟೆ ಒಗೆಯುತ್ತಾರೆ. ದಿಣ್ಣೆಯ ಮೇಲಿನವರು ಯಾರೂ ಬೇಡವೆನ್ನುವುದಿಲ್ಲ.