ಹತ್ತರಲ್ಲೊಂದು ಪಾಲು

ಹೊಳೆಯ ದಂಡೆಯ ಮೇಲೆ ಒಂದು ವಿದ್ಯಾಪೀಠವಿತ್ತು. ಅಲ್ಲಿಯ ಗ್ರಂಥಾಲಯವನ್ನು ಸಿದ್ಧಮಲ್ಲರೆಂಬ ಗುರುಗಳು ನೋಡಿಕೊಳ್ಳುತ್ತಿದ್ದರು. ಪಂಪಾಪತಿ ಅವರ ಶಿಷ್ಯ.

ಗ್ರಂಥಾಲಯದಲ್ಲಿ ಅಚ್ಚಾಗದ, ಕೈಬರಹದ ಪುಸ್ತಕಗಳೇ ಹೆಚ್ಚು. ಇಂಥ ಪುಸ್ತಕದ ಇಂಥ ಪುಟ ಬೇಕು, ಪ್ರತಿ ತೆಗೆದು ಕಳಿಸಿ ಎಂದು ದೂರದ ಕಾಲೇಜುಗಳವರು ಬರೆಯುತ್ತಿದ್ದರು. ಪಂಪಾಪತಿ ಆ ಪುಟವನ್ನು ಸ್ಕ್ಯಾನರ್ ಮೇಲಿಟ್ಟು ಪ್ರತಿ ತೆಗೆದು ಕಂಪ್ಯೂಟರಿನಲ್ಲಿ ಕಳಿಸುತ್ತಿದ್ದ.

ಕಳಿಸುವುದಕ್ಕೆ ಅಲ್ಲಿ ಒಂದು ನಿಯಮವಿತ್ತು. ಬರೆದದ್ದು ಬರೆದವರದು. ಅಭ್ಯಾಸಕ್ಕೆಂದು ಕೇಳಿದವರಿಗೆ ಪುಸ್ತಕದ ಹತ್ತರಲ್ಲೊಂದು ಪಾಲು ಕೊಡಬಹುದು. ಅದಕ್ಕಿಂತ ಹೆಚ್ಚು ಬೇಕೆಂದರೆ ಬರೆದವರ ಒಪ್ಪಿಗೆ ತರಬೇಕು. ಅವರು ಇಲ್ಲದಿದ್ದರೆ ಅವರ ಮನೆಯವರದು.

ಪಂಪಾಪತಿ ಈ ಅಳತೆಯನ್ನು ಕೂದಲೆಳೆಯಷ್ಟೂ ಮೀರಿದವನಲ್ಲ.

ಗುರುಗಳದು ಇನ್ನೊಂದು ಪದ್ಧತಿ ಇತ್ತು. ಅದು ಯಾವ ಕಾಯಿದೆಯಲ್ಲೂ ಇರಲಿಲ್ಲ. ಪುಟವನ್ನು ಕಳಿಸುವ ಮೊದಲು ಒಮ್ಮೆ ಗಟ್ಟಿಯಾಗಿ ಓದಬೇಕು.

"ಇಲ್ಲಿ ಯಾರೂ ಇಲ್ಲಲ್ರೀ ಗುರುಗಳೇ," ಎಂದು ಅವನು ಮೊದಲ ದಿನವೇ ಅಂದಿದ್ದ. "ಯಾರು ಕೇಳಲಿ ಅಂತ ಓದಬೇಕು?"

ಗುರುಗಳು ಮೂಲೆಯಲ್ಲಿದ್ದ ಒಂದು ಸ್ಟೂಲನ್ನು ಎತ್ತಿ ತಂದರು. ಹೆಗಲ ಮೇಲಿನ ವಸ್ತ್ರದಿಂದ ಅದರ ಧೂಳು ಒರೆಸಿದರು. ಸ್ಕ್ಯಾನರಿನ ಎದುರಿಗೆ ಇಟ್ಟು ಹೋದರು.

ಸ್ವಲ್ಪ ಕಾಲ ಪಂಪಾಪತಿ ಖಾಲಿ ಸ್ಟೂಲಿಗೆ ಓದಿದ. ಆಮೇಲೆ ಪ್ರತಿ ಬೇಕೆಂದು ಬರೆಯುವವರು ಹೆಚ್ಚಾದರು. ಓದು ಪಿಸುಮಾತಿಗೆ ಇಳಿಯಿತು. ಕಡೆಗೆ ಅದೂ ನಿಂತಿತು. ಪ್ರತಿ ತೆಗೆಯಬೇಕಾದ ಪುಸ್ತಕಗಳನ್ನು ಅವನು ಆ ಸ್ಟೂಲಿನ ಮೇಲೆ ಪೇರಿಸಿಡತೊಡಗಿದ. ಎತ್ತರವೂ ಕೈಗೆ ಸರಿಯಾಗಿತ್ತು.

ಆ ವರ್ಷ ಒಂದು ಜೋಗುಳ ಊರೂರು ತಿರುಗುತ್ತಿತ್ತು. ಹೊಳೆ ದಾಟಿಸುವ ಹರಗೋಲಿನ ಅಂಬಿಗನ ಫೋನು ಅದನ್ನೇ ಹಾಡುತ್ತಿತ್ತು. ಹಾಲು ಹಾಕುವವಳ ಬಾಯಲ್ಲೂ ಅದೇ. ಒಮ್ಮೆ ಕೇಳಿದರೆ ಬಿಡದಂಥ ಮಟ್ಟು.

ಒಂದು ಮಧ್ಯಾಹ್ನ ಪಂಪಾಪತಿ ಪುಟ ಮಗುಚುತ್ತ ಅದನ್ನೇ ಗುನುಗುತ್ತಿದ್ದ.

"ಗೆಜ್ಜಿಮರಿ, ಗೆಜ್ಜಿಮರಿ, ಮಲಗಿ ಏನ ಕಂಡಿ? ಕಾಲ ಕುಣಿಸಿ ಕುಣಿಸಿ ನೀ ಎಲ್ಲಿಗೆ ಹೊಂಟಿ?"

ಬಾಗಿಲಲ್ಲಿ ಯಾರೋ ನಿಂತಂತಾಯಿತು. ತಲೆ ಎತ್ತಿದ. ವಯಸ್ಸಾದ ಒಬ್ಬ ಹೆಂಗಸು. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದಳು, ಇನ್ನೊಂದನ್ನು ಬಿಡುವುದು ಮರೆತಿದ್ದಳು.

"ಆ ಹೆಸರು ನಿನಗ ಯಾರು ಹೇಳಿದ್ರು?" ಎಂದಳು.

"ಯಾವ ಹೆಸರ್ರೀ ಅಮ್ಮಾರ?" ಅವನು ನಕ್ಕ. "ಇದು ಹಾಡು. ನೀವು ಕೇಳಿಲ್ಲೇನ್ರಿ? ಊರೆಲ್ಲ ಹಾಡ್ತೈತಿ."

"ಕೇಳೀನಿ," ಎಂದಳು. "ನಾನು ಹುಲಿಗೆಮ್ಮ. ಆಚೆ ದಂಡಿಯಾಕಿ. ನನ್ನದೊಂದು ಪುಸ್ತಕ ಇಲ್ಲಿ ಕೊಟ್ಟಿದ್ದೆ. ಅದು ಇನ್ನೂ ಐತೇನು ನೋಡಪ್ಪಾ. ಯಾರರ ಕದ್ದಾರೇನೋ ಅಂತ ಬಂದೀನಿ."

ಪಂಪಾಪತಿ ಹುಡುಕಿ ತಂದ. ನೀಲಿ ಬಟ್ಟೆಯ ಹೊದಿಕೆಯ ಪುಸ್ತಕ. ಕಳುವಾಗಿರಲಿಲ್ಲ. ನಡುವೆ ಒಂದು ಬಿಳಿ ಚೀಟಿ ಇಣುಕುತ್ತಿತ್ತು. ಪ್ರತಿ ತೆಗೆದ ಪುಟಕ್ಕೆ ಅಂಥ ಚೀಟಿ ಸಿಕ್ಕಿಸುವುದು ಅವನದೇ ಅಭ್ಯಾಸ.

ಚೀಟಿ ಇದ್ದಲ್ಲಿ ತೆರೆದ. ದುಂಡನೆಯ, ಒತ್ತಿ ಬರೆದ ಅಕ್ಷರ. ಮೊದಲ ಸಾಲು ಓದಿದ.

ಗೆಜ್ಜಿಮರಿ, ಗೆಜ್ಜಿಮರಿ, ಮಲಗಿ ಏನ ಕಂಡಿ?

ಆ ಪುಟವನ್ನು ಅವನೇ ಸ್ಕ್ಯಾನರಿನ ಗಾಜಿನ ಮೇಲೆ ಮಗುಚಿ ಹಾಕಿದ್ದ. ಅವನೇ ಕಳಿಸಿದ್ದ. ಓದುತ್ತಿದ್ದುದು ಮಾತ್ರ ಈಗ, ಮೊದಲ ಸಲ.

"ನನ್ನ ಮಗಳು ನಿದ್ದಿಯೊಳಗ ಕಾಲು ಕುಣಸ್ತಿದ್ಲು," ಎಂದಳು ಹುಲಿಗೆಮ್ಮ. "ಅದಕ್ಕ ಆ ಹೆಸರು. ಸಾಲ್ಯಾಗ ಬ್ಯಾರೆ ಹೆಸರಿತ್ತು. ಮನಿ ಮಂದಿ ಕರೆಯೂದು ಬ್ಯಾರೆ. ಇದು ಮಲಗಿಸೂ ಮುಂದ, ಕಿವಿಯಾಗ, ನಾನೊಬ್ಬಾಕಿನ ಕರೀತಿದ್ದೆ. ಅಕಿ ಹೋದ ಮ್ಯಾಲೆ ಇದನ್ನೆಲ್ಲ ಬರದೆ. ಮನ್ಯಾಗಿಟ್ರ ಒಂದಿನ ಒಲಿಗೆ ಹಾಕೇನು ಅಂತ ಹೆದರಿ ಇಲ್ಲಿ ತಂದು ಕೊಟ್ಟೆ."

"ಒಂದ ಪುಟರೀ ಅಮ್ಮಾರ," ಎಂದ ಪಂಪಾಪತಿ. ತನ್ನ ದನಿ ತನಗೇ ಬೇರೆಯವರದಂತೆ ಕೇಳಿಸಿತು. "ಹತ್ತರಾಗ ಒಂದು ಪಾಲಿಗಿಂತ ಕಡಿಮಿ. ಜೋಗುಳದ ಮ್ಯಾಲೆ ಅಭ್ಯಾಸ ಮಾಡಾಕ ಅಂತ ಕೇಳಿದ್ರು. ಅಷ್ಟು ಕೊಡಬಹುದು ಅಂತ ನಿಯಮ ಐತಿ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಇಷ್ಟು ವರ್ಷ ನಾನು ಆ ಹೆಸರು ಕರದ್ರ ಮಗಳು ಬರ್ತಿದ್ಲು ತಮ್ಮಾ," ಎಂದಳು. "ಕಣ್ಣಿಗೆ ಕಾಣ್ತಿದ್ಲು. ಈಗ ಕರದ್ರ ಹಾಡು ಬರ್ತೈತಿ. ಮಗಳು ಬರೂದಿಲ್ಲ."

ಬಿಟ್ಟಿದ್ದ ಚಪ್ಪಲಿಯನ್ನು ಹಾಕಿಕೊಂಡು ಹೊರಟುಹೋದಳು. ಪುಸ್ತಕ ಅವನ ಕೈಯಲ್ಲೇ ಉಳಿಯಿತು.

ಪಂಪಾಪತಿ ಗುರುಗಳ ಬಳಿಗೆ ಓಡಿದ. ನಡೆದದ್ದನ್ನು ಹೇಳಿದ. ಹೇಳುತ್ತ ಹೇಳುತ್ತ ಅಳತೆಗೆ ಬಂದ.

"ಪುಟ ಎಣಿಸಿಯೇ ಕೊಟ್ಟೀನ್ರಿ ಗುರುಗಳೇ. ಅಭ್ಯಾಸಕ್ಕ ಅಂತ ಬರಸ್ಕೊಂಡೀನಿ. ಅದನ್ನ ಹಾಡು ಮಾಡಿ ಹರಿಬಿಟ್ಟದ್ದು ಅವರ ತಪ್ಪು."

"ಅವರಿಗೆ ಬರಿ," ಎಂದರು ಗುರುಗಳು. "ಹಾಡು ತಗೀರಿ ಅನ್ನು."

"ಬರೀತೀನ್ರಿ. ಆದ್ರ ನನ್ನ ಅಳತಿ ಸರಿ ಐತಿ ಹೌದಲ್ರೀ?"

"ಅಳತಿ ಸರಿ ಐತಿ," ಎಂದರು ಗುರುಗಳು.

ಪಂಪಾಪತಿ ಬರೆದ. ಹಾಡನ್ನು ಹರಿಬಿಟ್ಟವರು ತಪ್ಪಾಯಿತೆಂದು ತೆಗೆದುಹಾಕಿದರು. ಆದರೆ ಹಾಲು ಹಾಕುವವಳ ಬಾಯಿಂದ ಅದನ್ನು ತೆಗೆಯುವುದು ಯಾರಿಗೂ ಸಾಧ್ಯವಿರಲಿಲ್ಲ.

ಮತ್ತೊಂದು ದಿನ ಮಧ್ಯಾಹ್ನ ಊಟದ ಪಂಕ್ತಿಯಲ್ಲಿ ಎಲ್ಲರೂ ಕೂತಿದ್ದರು. ಗುರುಗಳು ತಲೆ ಎತ್ತಿ, ಎಲ್ಲರಿಗೂ ಕೇಳುವಂತೆ ಕರೆದರು.

"ಏ ಎಳ್ಳುಂಡೀ, ಆ ಉಪ್ಪು ಇತ್ತ ಕೊಡೋ."

ಪಂಪಾಪತಿ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ.

ಆ ಹೆಸರನ್ನು ಕರೆಯುತ್ತಿದ್ದವಳು ಲೋಕದಲ್ಲಿ ಒಬ್ಬಳೇ, ಅವನ ಅವ್ವ. ಅವಳನ್ನು ಮಣ್ಣು ಮಾಡಿ ಬಂದ ದಿನ ಅವನು ಗುರುಗಳ ಪಾದದ ಬಳಿ ಕೂತು ಅತ್ತಿದ್ದ. ಅವಳು ಮಾಡುತ್ತಿದ್ದ ಅಡುಗೆ, ಅವಳ ಕೆಮ್ಮು, ಅವಳ ಸಿಟ್ಟು, ಎಲ್ಲ ಹೇಳಿದ್ದ. ನಡುವೆ ಎಲ್ಲೋ ಅದನ್ನೂ ಹೇಳಿದ್ದ: ಅವ್ವ ನನ್ನ ಎಳ್ಳುಂಡಿ ಅಂತಿದ್ಲು, ಇನ್ನ ಹಂಗ ಕರೆಯೋರು ಯಾರೂ ಇಲ್ರಿ.

"ಎಳ್ಳುಂಡಿ!" ಬಡಿಸುತ್ತಿದ್ದ ಅಡುಗೆಯ ಕರಿಯಪ್ಪ ಹೊಟ್ಟೆ ಹಿಡಿದು ನಕ್ಕ. "ಕರ್ರಗ, ಗುಂಡಗ! ಸರಿಯಾಗಿ ಹೊಂದತೈತಿ ಬಿಡ್ರಿ ಗುರುಗಳ!"

ಪಂಕ್ತಿ ಪೂರಾ ನಕ್ಕಿತು.

ಸಂಜೆಯ ಹೊತ್ತಿಗೆ ಹೆಸರು ಹೊಳೆಗೆ ಮುಟ್ಟಿತ್ತು. "ಏನಪಾ ಎಳ್ಳುಂಡೀ, ಆಚೆ ದಂಡಿಗೆ ಬರ್ತಿಯೇನು?" ಎಂದು ಅಂಬಿಗ ಹರಗೋಲಿನಿಂದ ಕೂಗಿದ.

ಗುರುಗಳು ದಂಡೆಯ ಕಲ್ಲಿನ ಮೇಲೆ ಕೂತಿದ್ದರು. ಪಂಪಾಪತಿ ಅವರೆದುರು ಬಂದು ನಿಂತ. ಗುರುಗಳ ಮುಂದೆ ಅವನು ಎಂದೂ ದನಿ ಏರಿಸಿದವನಲ್ಲ.

"ನಂಬಿ ಹೇಳಿದ್ದೆ! ನೀವು ಮಂದಿ ಮುಂದ ಹಂಗ್ಯಾಕ ಕರದ್ರಿ?"

ಗುರುಗಳು ಕೇಳಿದರು: "ಆ ದಿನ ನೀನು ನನಗ ಎಷ್ಟೋ ಹೇಳಿದಿ. ಅದರಾಗ ಈ ಒಂದು ಮಾತು ಎಷ್ಟನೇ ಪಾಲು?"

ಪಂಪಾಪತಿ ಅಲ್ಲೇ ಮರಳಿನ ಮೇಲೆ ಕೂತ.

ಮರಳು ಗೀರುತ್ತ ಅಂದ: "ಅವ್ವನ ದನಿ ನೆನಪು ಮಾಡ್ಕೊಂಡೆ ಗುರುಗಳೇ. ಬರ್ಲಿಲ್ಲ. ಕರಿಯಪ್ಪನ ನಗಿ ಬಂತು."

ಗುರುಗಳು ಹೊಳೆಯನ್ನು ನೋಡುತ್ತಿದ್ದರು.

"ನೀವು ಹಂಗ ಮಾಡಬಾರದಿತ್ತು."

"ಮಾಡಬಾರದಿತ್ತು," ಎಂದರು ಗುರುಗಳು.

"ಅದನ್ನ ವಾಪಸ್ ತಗೊಳ್ರಿ."

"ಬರೂದಿಲ್ಲಪಾ. ಕೈ ಬಿಟ್ಟು ಹೋತು." ಅವರ ದನಿ ತಗ್ಗಿತ್ತು. "ನೀನು ಓದೂದು ನಿಲ್ಲಿಸಿದ ದಿನ ನನಗ ಕೇಳಿಸಿತ್ತು ಪಂಪಾ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಸುಮ್ಮನಿದ್ದೆ. ಆಕೀ ಪುಸ್ತಕ ಈ ಕೈಯಿಂದ ಇಸಗೊಂಡಾವ ನಾನು."

ಪಂಪಾಪತಿ ತಲೆ ಎತ್ತಿ ನೋಡಿದ. ಗುರುಗಳ ಕಣ್ಣುಗಳು ಒದ್ದೆಯಾಗಿದ್ದವು. ಅವರಿಗೆ ಹೀಗಾಗಬಹುದೆಂದು ಅವನು ಎಂದೂ ಯೋಚಿಸಿರಲಿಲ್ಲ.

"ನಾನೀಗ ಏನು ಮಾಡ್ಲಿ?"

"ನನಗೂ ಗೊತ್ತಿಲ್ಲ," ಎಂದರು ಗುರುಗಳು. "ಆಚೆ ದಂಡಿಯಾಕಿನ್ನ ಕೇಳು."

ಮರುದಿನ ಪಂಪಾಪತಿ ಹೊಳೆ ದಾಟಿದ. ಹುಲಿಗೆಮ್ಮ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು. ಅವನನ್ನು ನೋಡಿ ಮೊರ ಕೆಳಗಿಟ್ಟಳು. ಕೂಡ್ರು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

"ತಪ್ಪು ನಂದೇ ಅಮ್ಮಾರ," ಎಂದ. "ಪುಟ ಎಣಿಸಿದೆ, ಓದ್ಲಿಲ್ಲ. ಓದಿದ್ರ ನಿಮ್ಮನ್ನ ಕೇಳದ ಕಳಸ್ತಿದ್ದಿಲ್ಲ."

ಅವಳು ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು.

"ನನ್ನವ್ವನೂ ನನಗೊಂದು ಹೆಸರು ಇಟ್ಟಿದ್ಲು. ಅಕಿ ಒಬ್ಬಾಕಿನ ಕರೀತಿದ್ಲು. ನಿನ್ನೆಯಿಂದ ಊರೆಲ್ಲ ಕರೀತೈತಿ. ಈಗ ನನಗ ಗೊತ್ತಾತು. ಆ ಹೆಸರು—"

"ಹೇಳಬ್ಯಾಡ!" ಹುಲಿಗೆಮ್ಮ ಥಟ್ಟನೆ ಕೈ ಎತ್ತಿದಳು. ಮೊರದ ಕಾಳು ಚೆಲ್ಲಿತು. "ನನ್ನ ಮುಂದ ಹೇಳಬ್ಯಾಡ ತಮ್ಮಾ. ಗೊತ್ತಿಲ್ಲದವರು ಒಬ್ಬರಾದ್ರೂ ಇರ್ಲಿ."

ಪಂಪಾಪತಿ ಮೋರೆ ಆಚೆ ತಿರುಗಿಸಿದ. ಆಮೇಲೆ ಕೂತು ಚೆಲ್ಲಿದ ಕಾಳನ್ನು ಆಯ್ದು ಮೊರಕ್ಕೆ ಹಾಕತೊಡಗಿದ. ಅವಳು ಬೇಡವೆನ್ನಲಿಲ್ಲ.

"ಆ ಪುಸ್ತಕ ಬರದ ಮ್ಯಾಲೆ ನಾನೂ ತಿರುಗಿ ಓದಿಲ್ಲ," ಎಂದಳು. "ಧೈರ್ಯ ಸಾಲ್ಲಿಲ್ಲ."

"ನಾನು ಓದ್ಲೇನ್ರಿ?" ಎಂದ ಅವನು. "ನೀವು ಬಂದು ಕುಂತ್ರ ನಾನು ಓದ್ತೀನಿ. ಹಾಡೂದಿಲ್ಲ. ಓದ್ತೀನಿ."

ಅವಳು ಒಪ್ಪಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಆದರೆ ಮುಂದೊಂದು ದಿನ ಗ್ರಂಥಾಲಯದ ಬಾಗಿಲಿಗೆ ಬಂದು, ಎರಡೂ ಚಪ್ಪಲಿ ಬಿಟ್ಟು, ಒಳಗೆ ಕಾಲಿಟ್ಟಳು.

ಪಂಪಾಪತಿ ಎದ್ದ. ಸ್ಟೂಲಿನ ಮೇಲಿದ್ದ ಪುಸ್ತಕಗಳನ್ನೆಲ್ಲ ತೆಗೆದ. ತನ್ನ ಹೆಗಲ ವಸ್ತ್ರದಿಂದ ಅದನ್ನು ಒರೆಸಿದ. ಹುಲಿಗೆಮ್ಮ ಕೂತಳು. ಗುರುಗಳು ದೂರದ ಕಪಾಟಿನ ಬಳಿ ಬೆನ್ನು ತಿರುಗಿಸಿ ನಿಂತಿದ್ದರು.

ಅವನು ನೀಲಿ ಪುಸ್ತಕವನ್ನು ಮೊದಲಿಂದ ಓದಿದ. ಮಗು ಹುಟ್ಟಿದ ದಿನದ ಹಾಡು. ಹಲ್ಲು ಬಂದ ಹಾಡು. ಜ್ವರ ಬಂದ ಹಾಡು. ಯಾವುದಕ್ಕೂ ರಾಗ ಹಚ್ಚಲಿಲ್ಲ. ಒಂದೊಂದೇ ಮಾತನ್ನು, ಕೈಯಲ್ಲಿ ನೀರು ಹಿಡಿದು ನಡೆಯುವವನಂತೆ ಓದಿದ.

ಬಿಳಿ ಚೀಟಿ ಇದ್ದ ಪುಟ ಬಂತು.

ಅವನು ನಿಲ್ಲಿಸಿದ. ಮೊದಲ ಮಾತು ಆ ಹೆಸರು. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಸಾಲಿನ ಮೇಲೆ ಬೆರಳಿಟ್ಟು, ತಲೆ ತಗ್ಗಿಸಿ, ಸುಮ್ಮನೆ ಕೂತ.

ಹೊಳೆಯ ಸದ್ದು ಮಾತ್ರ ಕೇಳುತ್ತಿತ್ತು.

ಆಮೇಲೆ ಹುಲಿಗೆಮ್ಮ ಕರೆದಳು. ಹಾಡಲಿಲ್ಲ, ಕರೆದಳು. ಪಕ್ಕದಲ್ಲೇ ಮಲಗಿದ ಮಗುವಿಗೆ ಎಚ್ಚರವಾಗದಷ್ಟು ಸಣ್ಣ ದನಿಯಲ್ಲಿ.

ಪಂಪಾಪತಿ ಅವಳ ಮುಖ ನೋಡಲಿಲ್ಲ. ಉಳಿದ ಸಾಲನ್ನು ಓದಿದ. ಮತ್ತೆ ಹೆಸರು ಬಂದಲ್ಲಿ ಮತ್ತೆ ನಿಂತ. ಅವಳು ಮತ್ತೆ ಕರೆದಳು.

ಮುಗಿದ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಈ ಸಲ ಹಾಡು ಬರ್ಲಿಲ್ಲ ತಮ್ಮಾ," ಎಂದಳು.

ಎದ್ದು ಹೊರಟಳು. ಅಂಬಿಗ ಅವಳನ್ನು ಹರಗೋಲಿಗೆ ಹತ್ತಿಸಿಕೊಂಡ. ಅದು ಆಚೆ ದಂಡೆ ಮುಟ್ಟುವವರೆಗೂ ಪಂಪಾಪತಿ ಕಿಟಕಿಯಲ್ಲೇ ನಿಂತಿದ್ದ.

ತಿರುಗಿ ಬಂದಾಗ ಕಂಪ್ಯೂಟರಿನಲ್ಲಿ ಹೊಸದೊಂದು ಕೋರಿಕೆ ಕಾದಿತ್ತು. ಬೇರೆ ಯಾರದೋ ಪುಸ್ತಕ, ಸ್ವಲ್ಪವೇ ಪುಟಗಳು. ಅವನು ಆ ಪುಸ್ತಕವನ್ನು ತಂದು, ಕೈಯ ರೂಢಿಯಂತೆ ಸ್ಟೂಲಿನ ಮೇಲೆ ಇಡಲು ಬಾಗಿದ.

"ಪಂಪಾ," ಎಂದರು ಗುರುಗಳು ಕಪಾಟಿನ ಬಳಿಯಿಂದಲೇ. "ಅಲ್ಲಿ ಇಡಬ್ಯಾಡ. ಯಾರೋ ಕುಂತಾರ."