ಒಳಗಿನ ಟೈರು

ಗದಿಗೆಪ್ಪ ಸರಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಅಕ್ಕ ನೀಲವ್ವ ಹುಟ್ಟಿದಾಗಿನಿಂದ ಸಮುದ್ರ ಕಂಡಿರಲಿಲ್ಲ. ಮಂಡಿ ಸೋತ ಮೇಲೆ ಬಸ್ಸಿನಲ್ಲಿ ಕೂರಲೂ ಆಗುತ್ತಿರಲಿಲ್ಲ. ಅದಕ್ಕೇ ಅವನು ಹಾಸಿಗೆ, ಒಲೆ ಎಲ್ಲ ಇರುವ ಕ್ಯಾರವಾನ್ ಒಂದನ್ನು ಬಾಡಿಗೆಗೆ ಹಿಡಿದು, ಶ್ರಾವಣ ಸೋಮವಾರ ಬಾಗಲಕೋಟೆಯಿಂದ ಅವಳನ್ನು ಸಮುದ್ರದಂಡೆಯ ಗೋಕರ್ಣಕ್ಕೆ ಕರೆದುಕೊಂಡು ಹೊರಟ.

ಕೀಲಿ ಕೊಡುವಾಗ ಗಾಡಿಯ ಮಾಲೀಕ ಸ್ಟೇರಿಂಗ್ ಪಕ್ಕದ ಪುಟ್ಟ ಪೆಟ್ಟಿಗೆಯನ್ನು ತೋರಿಸಿದ್ದ. "ಯಾವ ಟೈರಿನ ಗಾಳಿ ಇಳಿದರೂ ಇದು ಕೂಗತೈತ್ರಿ. ಕೂಗಿದ ಕೂಡಲೇ ನಿಲ್ಲಿಸಿ ನೋಡ್ರಿ."

ಹುಬ್ಬಳ್ಳಿ ದಾಟುತ್ತಲೇ ಅದು ಕೂಗತೊಡಗಿತು. ಹಿಂದಿನ ಎಡಗಡೆಯ ಜೋಡಿ ಟೈರುಗಳಲ್ಲಿ ಒಳಗಿನದರ ಗುರುತು ಪೆಟ್ಟಿಗೆಯ ಮೇಲೆ ಕೆಂಪಗಾಗಿತ್ತು.

"ಹಸಿದ ಕೂಸಿನಂಗ ಅಳಾಕತ್ತೈತಿ, ನೋಡೋ ತಮ್ಮಾ," ಎಂದಳು ಹಾಸಿಗೆಯಲ್ಲಿ ಮಲಗಿದ್ದ ನೀಲವ್ವ.

"ನಿನ್ನ ಗೊರಕಿ ಕೇಳಿ ಹೆದರಿರಬೇಕು," ಎಂದು ನಗುತ್ತ ಗದಿಗೆಪ್ಪ ಗಾಡಿ ನಿಲ್ಲಿಸಿ ಕಬ್ಬಿಣದ ರಾಡು ಹಿಡಿದು ಇಳಿದ.

ಟೈರಿಗೆ ರಾಡಿನಿಂದ ಬಡಿದು ಸದ್ದಿನಲ್ಲೇ ಗಾಳಿ ತಿಳಿಯುವುದು ಅವನ ಹಳೆಯ ರೂಢಿ. ಹೊರಗಿನ ಟೈರಿಗೆ ಬಡಿದ. ಗಟ್ಟಿ ಸದ್ದು ಬಂತು. ಒಳಗಿನದಕ್ಕೆ ರಾಡು ತಾಗಿಸಬೇಕಾದರೆ ಕೆಸರಿನಲ್ಲಿ ಮಂಡಿಯೂರಿ ಗಾಡಿಯ ಕೆಳಗೆ ಬಗ್ಗಬೇಕು. ದೇವರಿಗೆಂದು ಉಟ್ಟ ಬಿಳಿ ಪಂಚೆ. ಅದೂ ಇದರ ಜೋಡಿಯೇ ತಾನೆ, ಗಾಡಿ ಒಂದು ಕಡೆ ವಾಲಿಯೂ ಇಲ್ಲ ಎಂದುಕೊಂಡು ಗಾಡಿ ಹತ್ತಿ ಹೊರಟ. ಹೊರಗಿನ ಟೈರು ಎರಡರ ಭಾರವನ್ನೂ ತಾನೊಂದೇ ಹೊತ್ತಿದ್ದರಿಂದ ಗಾಡಿ ವಾಲಿರಲಿಲ್ಲ, ಅಷ್ಟೆ.

ಪೆಟ್ಟಿಗೆ ಮತ್ತೆ ಕೂಗಿತು.

"ಇನ್ನೊಮ್ಮೆ ನೋಡೋ."

"ಅಕ್ಕಾ, ಬಸ್ಸು ಓಡಿಸಿದಾವ ನಾನೋ, ಈ ಡಬ್ಬೀನೋ?" ಎನ್ನುತ್ತ ಗದಿಗೆಪ್ಪ ಅದರ ವೈರು ಕಿತ್ತ. ಗಾಡಿಯೊಳಗೆ ಶಾಂತವಾಯಿತು. ನೀಲವ್ವ ನಿದ್ದೆ ಹೋದಳು.

ಅರಬೈಲು ಘಾಟಿನ ಇಳಿಜಾರಿನಲ್ಲಿ, ಭಾರ ತಾಳದೆ ಕಾದಿದ್ದ ಹೊರಗಿನ ಟೈರು ಸಿಡಿಯಿತು. ಒಳಗಿನದರಲ್ಲಿ ಹೊರಲು ಗಾಳಿಯೇ ಇರಲಿಲ್ಲ. ಗಾಡಿ ಎಡಕ್ಕೆ ಎಳೆದುಕೊಂಡು ಹೋಗಿ ಗುಡ್ಡಕ್ಕೆ ಗುದ್ದಿತು. ಹಾಸಿಗೆಯ ಮೇಲಿದ್ದ ಕಪಾಟು ಕಳಚಿ ನೀಲವ್ವನ ಸೊಂಟದ ಮೇಲೆ ಬಿತ್ತು. ಗದಿಗೆಪ್ಪನಿಗೆ ಒಂದು ಗೀರೂ ಆಗಲಿಲ್ಲ.

ಅಂಕೋಲೆಯ ಆಸ್ಪತ್ರೆಯವರು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ಸಮುದ್ರ ಅಲ್ಲಿಂದ ಕೂಗಳತೆಯಲ್ಲಿತ್ತು. ಆಂಬುಲೆನ್ಸ್ ಅದಕ್ಕೆ ಬೆನ್ನು ಹಾಕಿ ಮತ್ತೆ ಘಾಟು ಹತ್ತಿತು.

"ಬೈಯವ್ವಾ ಅಕ್ಕಾ, ಒಂದ್ ಮಾತು ಬೈದುಬಿಡು," ಎಂದು ಗದಿಗೆಪ್ಪ ಅವಳ ಕೈ ಹಿಡಿದು ಅತ್ತ.

"ಹೇಳಿದಾಗ ಕೇಳಲಿಲ್ಲ. ಈಗ ಬೈದು ಏನ್ ಮಾಡ್ಲಿ?" ಎಂದಳು ನೀಲವ್ವ.

ಅವಳ ಜೀವ ಉಳಿಯಿತು. ಆದರೆ ಮತ್ತೆಂದೂ ಅವಳು ಎದ್ದು ಕೂರಲಿಲ್ಲ. ಸಮುದ್ರದ ಮಾತನ್ನೂ ಎತ್ತಲಿಲ್ಲ.

ನೀತಿ: ಎಚ್ಚರಿಸುವ ದನಿಯನ್ನು ಅಡಗಿಸಿದ ಮಾತ್ರಕ್ಕೆ ಅಪಾಯ ಅಡಗುವುದಿಲ್ಲ. ಕಣ್ಣಿಗೆ ಕಾಣುವುದನ್ನಷ್ಟೇ ಪರೀಕ್ಷಿಸಿ ಕಾಣದ್ದೂ ಸರಿಯಿದೆ ಎಂದು ನಂಬುವವನು ತಪ್ಪು ಮಾಡುತ್ತಾನೆ. ಅದರ ಪೆಟ್ಟನ್ನು ಅವನನ್ನು ನಂಬಿ ಹಿಂದೆ ಮಲಗಿದವರು ತಿನ್ನುತ್ತಾರೆ.